ಬಳ್ಳಿಯ ಕೊಂಡಿ, ಜೋಳದ ಕುಡಗೋಲು

ಬೆಟಗೇರಿಯಲ್ಲಿರುವ ನನ್ನ ಸಣ್ಣ ಕುಲುಮೆಯಲ್ಲಿ ಹಿಂಗಾರಿ ಜೋಳದ ಸುಗ್ಗಿಗೆ ಮುಂಚೆ ಕುಡಗೋಲುಗಳು, ಉಳಿದ ಕಾಲದಲ್ಲಿ ದೀಪ ತೂಗುಹಾಕುವ ಕೊಂಡಿ, ಬಾಗಿಲಿನ ಚಿಲಕ ಮುಂತಾದವು ತಯಾರಾಗುತ್ತವೆ. ಇವೆಲ್ಲವನ್ನೂ ಒಂದೇ ಅಡಿಗಲ್ಲಿನ ಮೇಲೆ ಬಡಿದರೂ ಲೋಹವನ್ನು ಮಾತ್ರ ಬೇರೆ ಬೇರೆಯಾಗಿ ಆರಿಸುತ್ತೇನೆ. ಕೊಂಡಿಗೆ ಶೇ. 0.2ರಷ್ಟು ಇಂಗಾಲವಿರುವ ಮೆದು ಉಕ್ಕಿನ 12 ಮಿ.ಮೀ. ಚೌಕ ಸರಳು ಸಾಕು. ಕುಡಗೋಲಿಗೆ ಲಾರಿಯ ಹಳೆಯ ಕಮಾನು ಪಟ್ಟಿಯೇ ಬೇಕು, ಏಕೆಂದರೆ ಅದರಲ್ಲಿ ಇಂಗಾಲ ಶೇ. 0.6ರ ಆಸುಪಾಸಿನಲ್ಲಿದ್ದು ಹದ, ಅಂದರೆ ಕಾಸಿ ಅದ್ದಿ ತರುವ ಗಡಸುತನ, ನಿಲ್ಲುತ್ತದೆ. ಸತುವಿನ ಲೇಪವಿರುವ ತುಂಡನ್ನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೆಂಕಿಗೆ ಇಡುವುದಿಲ್ಲ. ಅದರ ಹೊಗೆಯಿಂದ ಚಳಿಜ್ವರ ಬರುತ್ತದೆ.

ಕುಲುಮೆಯ ಮೇಲೆ ಬಿಸಿಲು ಬೀಳದಂತೆ ಗೋಣಿತಟ್ಟು ಇಳಿಬಿಟ್ಟಿದ್ದೇನೆ. ಬಿಸಿಲಿನಲ್ಲಿ ಕಾದ ಕಬ್ಬಿಣದ ಬಣ್ಣ ಮಂಕಾಗಿ ಕಾಣುವುದರಿಂದ ಕೈ ತಾನಾಗಿ ಹೆಚ್ಚು ಗಾಳಿ ಊದಿ ಲೋಹವನ್ನು ಸುಟ್ಟುಬಿಡುತ್ತದೆ.

ಕೊಂಡಿಯ ತುದಿಯನ್ನು ಹಳದಿ ಕಾವಿನಲ್ಲಿ ಮೊದಲು ಚೂಪಾಗಿ ಎಳೆದು, ಚಪ್ಪಟೆ ಮಾಡಿ, ಮೊಂಡು ಉಳಿಯಿಂದ ಎಲೆಯ ನರಗಳನ್ನು ಮೂಡಿಸಿ, ಆಮೇಲೆ ಅಡಿಗಲ್ಲಿನ ಅಂಚಿನಲ್ಲಿ ಸುರುಳಿ ಸುತ್ತುತ್ತೇನೆ. ನಡುವಿನ ಭಾಗಕ್ಕೆ ಹುರಿ ಹಾಕುವಾಗ ಸರಳು ಉದ್ದಕ್ಕೂ ಒಂದೇ ಬಣ್ಣಕ್ಕೆ ಬಂದಿರಬೇಕು, ಇಲ್ಲವಾದರೆ ಹೆಚ್ಚು ಕಾದ ಕಡೆ ಹುರಿ ಬಿಗಿಯುತ್ತದೆ. ಅಂಥಲ್ಲಿ ಸ್ವಲ್ಪ ನೀರು ಸುರಿದು ತಣಿಸಿದರೆ ಮುಂದಿನ ತಿರುವು ಸಡಿಲವಿರುವ ಕಡೆಗೆ ಹೋಗುತ್ತದೆ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಬಾಗಿಲುವಾಡದ ಬಳ್ಳಿಗಳನ್ನು ನಾನು ಹಲವು ಸಲ ಕಾಗದಕ್ಕೆ ಇಳಿಸಿಕೊಂಡಿದ್ದೇನೆ, ಆದರೆ ಬಳಪದ ಕಲ್ಲು ಒಪ್ಪಿಕೊಳ್ಳುವಷ್ಟು ಸಣ್ಣ ಕುಸುರಿಯನ್ನು ಸುತ್ತಿಗೆಯ ಕೆಲಸ ಒಪ್ಪುವುದಿಲ್ಲ. ಎರಡು ಸುತ್ತು, ಒಂದು ಎಲೆ, ಅಷ್ಟೇ ಚೆಂದ. ಭಾರ ಹೊರುವ ಬಾಗಿನಲ್ಲಂತೂ ಉಳಿಯ ಗುರುತೇ ಇರಕೂಡದು, ಬಿರುಕು ಹುಟ್ಟುವುದು ಅಲ್ಲಿಂದಲೇ.

ಕುಡಗೋಲಿನ ಕಷ್ಟ ಬೇರೆ. ಒಳಬಾಯಿಯನ್ನು ಬಡಿದು ತೆಳ್ಳಗೆ ಮಾಡುತ್ತಿದ್ದಂತೆ ಆ ಅಂಚು ಉದ್ದವಾಗಿ ಬಾಗು ಬಿಚ್ಚಿಕೊಳ್ಳುತ್ತದೆ, ಆದ್ದರಿಂದ ಮೊದಲೇ ಬೇಕಾದ್ದಕ್ಕಿಂತ ಹೆಚ್ಚು ಬಗ್ಗಿಸಿಟ್ಟಿರುತ್ತೇನೆ. ಕೆಂಪು ಮಸುಕಾದ ಮೇಲೆ ಒಂದು ಪೆಟ್ಟನ್ನೂ ಹಾಕುವುದಿಲ್ಲ. ಆಕಾರ ಬಂದ ಮೇಲೆ ಒಮ್ಮೆ ಕಾಸಿ ಗಾಳಿಯಲ್ಲಿ ಆರಲು ಬಿಟ್ಟು, ಮತ್ತೆ ಅಯಸ್ಕಾಂತ ಹಿಡಿಯದಷ್ಟು, ಅಂದರೆ 770 ಡಿಗ್ರಿ ಸೆಲ್ಸಿಯಸ್ ದಾಟಿ ತುಸು ಮೇಲಕ್ಕೆ ಕಾಸಿ, ಬೆಚ್ಚಗಿನ ಎಣ್ಣೆಯಲ್ಲಿ ಅದ್ದುತ್ತೇನೆ. ತೆಳುವಾದ ಬಾಯಿ ನೀರಿನಲ್ಲಿ ಸೀಳುವ ಅಪಾಯವಿದೆ. ಅದ್ದಿದ ಅಲಗು ಗಡಸಾದರೂ ಪೆಡಸು, ಅದನ್ನು ತಗ್ಗಿಸಲು ಅನಂತರ ಅಲಗನ್ನು ಉಜ್ಜಿ ಬೆಳ್ಳಗೆ ಮಾಡಿ ಬೆನ್ನಿನ ಕಡೆಯಿಂದ ನಿಧಾನ ಕಾಸಿದಾಗ ಬಣ್ಣಗಳು ಬಾಯಿಯತ್ತ ಸರಿಯುತ್ತವೆ. ಅಡುಗೆಮನೆಯ ಚಾಕುವಾದರೆ ಸುಮಾರು 230 ಡಿಗ್ರಿಯ ಒಣಹುಲ್ಲಿನ ಬಣ್ಣಕ್ಕೇ ನಿಲ್ಲಿಸುತ್ತೇನೆ, ಆದರೆ ಜೋಳದ ಬುಡ ಕೊಯ್ಯುವ ಅಲಗು ಕಲ್ಲಿಗೆ ತಾಗುವುದುಂಟು, ರೈತರು ಹೊಲದಲ್ಲೇ ಅದಕ್ಕೆ ಅರ ತಿಕ್ಕುವುದೂ ಉಂಟು. ಆದ್ದರಿಂದ ಗಡಸು ಇನ್ನಷ್ಟು ಇಳಿಯಲೆಂದು 280 ಡಿಗ್ರಿಯ ನೇರಳೆ ಬರುವವರೆಗೆ ಕಾಯುತ್ತೇನೆ.

ಕೊಂಡಿಗೆ ಕೊನೆಯಲ್ಲಿ ತಂತಿ ಬ್ರಶ್ ಹೊಡೆದು, ಹೊಗೆಯಾಡುವಷ್ಟು ಬಿಸಿಯಿರುವಾಗಲೇ ಅಗಸೆ ಎಣ್ಣೆ ಸವರಿದರೆ ಕಪ್ಪು ಹೊಳಪು ಕೂರುತ್ತದೆ. ನಮ್ಮ ಕಡೆ ಚಟ್ನಿಪುಡಿಗೆ ಹಾಕುವ ಅಗಸೆಯೇ ಇದು. ಕುಡಗೋಲಿಗೆ ಈ ಉಪಚಾರವಿಲ್ಲ, ಹದ ಇಳಿದುಬಿಟ್ಟೀತೆಂದು ತಣ್ಣಗಿರುವಾಗಲೇ ಎಣ್ಣೆ ಒರೆಸಿ ಕೊಡುತ್ತೇನೆ.