ಅರಸನಿಗೆ ಮೂವರು ಗಂಡುಮಕ್ಕಳು: ಕ್ರುಸೇಡರ್ ಕಿಂಗ್ಸ್ 3 ಕಲಿತ ನನ್ನ ಅನುಭವ

ಕ್ರುಸೇಡರ್ ಕಿಂಗ್ಸ್ 3 ಎಂಬ ಕಂಪ್ಯೂಟರ್ ಆಟವನ್ನು ನಾನು ಕೊಂಡದ್ದು ಭೂಪಟವನ್ನು ಗೆಲ್ಲುವ ಆಸೆಯಿಂದ. ಅದುವರೆಗೆ ಊರು ಕಟ್ಟುವ, ಸೇನೆ ಬೆಳೆಸುವ, ಎದುರಾಳಿಯ ಕೋಟೆ ಕೆಡವುವ ಆಟಗಳನ್ನೇ ಆಡಿಕೊಂಡು ಬಂದಿದ್ದರಿಂದ, ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆ 2020ರ ಸೆಪ್ಟೆಂಬರಿನಲ್ಲಿ ಬಿಡುಗಡೆ ಮಾಡಿದ ಇದೂ ಅದೇ ಜಾತಿಯದು, ಗಾತ್ರದಲ್ಲಿ ಸ್ವಲ್ಪ ದೊಡ್ಡದು ಅಷ್ಟೇ ಎಂದುಕೊಂಡಿದ್ದೆ. ಆ ಎಣಿಕೆ ತಪ್ಪೆಂದು ತಿಳಿಯಲು ನನಗೆ ಸುಮಾರು ಇಪ್ಪತ್ತು ಗಂಟೆಗಳೂ ಒಬ್ಬ ಅರಸನ ಸಾವೂ ಬೇಕಾದವು.

867ರಲ್ಲಾಗಲಿ 1066ರಲ್ಲಾಗಲಿ (2024ರಿಂದ 1178ರಲ್ಲೂ) ಆಟವನ್ನು ಆರಂಭಿಸಿ 1453ರವರೆಗೆ ಆಡಬಹುದು. ‘ಗೆದ್ದಿರಿ’ ಎಂದು ಹೇಳುವ ಗುರಿಯೊಂದು ಇಲ್ಲಿಲ್ಲ. ನಾವು ಆಡುವ ಅರಸ ಸತ್ತರೆ ಅವನ ಉತ್ತರಾಧಿಕಾರಿಯಾಗಿ ಮುಂದುವರಿಯುತ್ತೇವೆ, ವಂಶದಲ್ಲಿ ಪಟ್ಟವೇರಲು ಯಾರೂ ಉಳಿಯದಿದ್ದಾಗ ಆಟ ಮುಗಿಯುತ್ತದೆ. ಈ ಒಂದು ವಾಕ್ಯದಲ್ಲೇ ಆಟದ ಗುಟ್ಟೆಲ್ಲ ಅಡಗಿತ್ತು, ನಾನು ಅದನ್ನು ಓದಿಯೂ ಓದದವನಂತೆ ಮುಂದೆ ಹೋದೆ.

ಹೊಸಬರಿಗೆಂದು ಆಟವೇ ತೋರಿಸುವುದು 1066ರ ಐರ್ಲೆಂಡನ್ನು. ಅಲ್ಲಿನ ನೈರುತ್ಯ ಮೂಲೆಯ ಮನ್‌ಸ್ಟರ್ ಎಂಬ ಪುಟ್ಟ ರಾಜ್ಯದ ಅರಸ ಮುರ್ಚಾದ್ ನಮ್ಮ ಕೈಗೆ ಸಿಗುತ್ತಾನೆ. ಸುತ್ತಲೂ ಕಡಲು, ದ್ವೀಪದೊಳಗೆ ತನ್ನಷ್ಟೇ ಚಿಕ್ಕ ಅರಸರು. ಆದ್ದರಿಂದ ಆಟಗಾರರು ಇದನ್ನು ‘ಟ್ಯುಟೋರಿಯಲ್ ದ್ವೀಪ’ ಎಂದೇ ಕರೆಯುತ್ತಾರೆ. ಮೊದಲ ಸಂಜೆಯಿಡೀ ನಾನು ಬರೀ ಓದಿದೆ. ಪರದೆಯ ಮೇಲಿನ ಯಾವುದೇ ಬಣ್ಣದ ಪದದ ಮೇಲೆ ಮೌಸ್ ಇಟ್ಟರೆ ಒಂದು ವಿವರಣೆಯ ಪೆಟ್ಟಿಗೆ ತೆರೆದುಕೊಳ್ಳುತ್ತದೆ, ಆ ಪೆಟ್ಟಿಗೆಯೊಳಗಿನ ಪದದ ಮೇಲಿಟ್ಟರೆ ಇನ್ನೊಂದು, ಅದರೊಳಗೆ ಮತ್ತೊಂದು. ‘ಕೌಂಟಿ’ (ಭೂಪಟದ ಒಂದು ಪುಟ್ಟ ಸೀಮೆ) ಎಂದರೇನೆಂದು ತಿಳಿಯಲು ಹೊರಟವನು ಅರ್ಧ ಗಂಟೆಯ ನಂತರ ಪೋಪನ ಅಧಿಕಾರದ ಬಗ್ಗೆ ಓದುತ್ತಾ ಕುಳಿತಿದ್ದೆ. ಎಲ್ಲವನ್ನೂ ಓದಿ ಆಮೇಲೆ ಆಡುತ್ತೇನೆಂಬ ಹಟ ಇಲ್ಲಿ ನಡೆಯುವುದಿಲ್ಲ. ಬೇಕಾದ ಪೆಟ್ಟಿಗೆಯನ್ನು ಬೇಕಾದಾಗ ತೆರೆದರೆ ಸಾಕೆಂದು ಎರಡನೆಯ ದಿನ ನಿರ್ಧರಿಸಿದೆ.

ಯುದ್ಧ ಮಾಡಲು ಇಲ್ಲಿ ಕಾರಣ ಬೇಕು. ಆಸ್ಥಾನದ ಧರ್ಮಗುರುವನ್ನು ಪಕ್ಕದ ಕೌಂಟಿಗೆ ಕಳುಹಿಸಿದರೆ ಅವನು ಕೆಲವು ವರ್ಷಗಳಲ್ಲಿ ಆ ನೆಲದ ಮೇಲೆ ನಮಗೊಂದು ಹಕ್ಕನ್ನು ‘ಸೃಷ್ಟಿಸಿ’ ತರುತ್ತಾನೆ, ಅಂದರೆ ಸುಳ್ಳು ದಾಖಲೆ ಹುಟ್ಟಿಸುತ್ತಾನೆ. ನನಗೆ ಇದು ಬಹಳ ಹಿಡಿಸಿತು. ಹಕ್ಕು ಹುಟ್ಟಿಸುವುದು, ದಂಡೆತ್ತುವುದು, ಗೆಲ್ಲುವುದು, ಬೊಕ್ಕಸ ತುಂಬುವವರೆಗೆ ಕಾಯುವುದು: ಹೀಗೆ ಇಪ್ಪತ್ತು ವರ್ಷಗಳಲ್ಲಿ ಮನ್‌ಸ್ಟರನ್ನು ಪೂರ್ತಿಯಾಗಿ ಹಿಡಿದು, ಉತ್ತರದ ಕನಾಕ್ಟನ್ನೂ ನುಂಗಿ, ಹಣ ಸುರಿದು ಆ ಎರಡನೆಯ ಪಟ್ಟವನ್ನೂ ಮುರ್ಚಾದನ ಹೆಸರಿಗೆ ಮಾಡಿಕೊಂಡೆ. ಈ ಅವಧಿಯುದ್ದಕ್ಕೂ ಪರದೆಯ ಮೇಲ್ತುದಿಯಲ್ಲಿ ಒಂದು ಎಚ್ಚರಿಕೆಯ ಚಿಹ್ನೆ ತೂಗಾಡುತ್ತಲೇ ಇತ್ತು. ಅರಸ ಸತ್ತರೆ ಕೆಲವು ಪಟ್ಟಗಳು ಕೈತಪ್ಪುತ್ತವೆ ಎಂದು ಅದು ಹೇಳುತ್ತಿತ್ತು. ಸಾಯುವ ಹೊತ್ತಿಗೆ ನೋಡಿಕೊಂಡರಾಯಿತೆಂದು ನಾನು ಅದರ ಮೇಲೆ ಒಮ್ಮೆಯೂ ಮೌಸ್ ಇಡಲಿಲ್ಲ.

1087ರ ಚಳಿಗಾಲದಲ್ಲಿ ಮುರ್ಚಾದ್ ಸತ್ತ. ಮರುಕ್ಷಣ ನಾನು ಅವನ ಹಿರಿಯ ಮಗನಾಗಿದ್ದೆ, ನನ್ನ ಬಣ್ಣ ಅರ್ಧ ಭೂಪಟದಿಂದ ಮಾಯವಾಗಿತ್ತು. ಎರಡನೆಯ ಮಗ ಕನಾಕ್ಟಿನ ಸ್ವತಂತ್ರ ಅರಸನಾಗಿದ್ದ, ಮೂರನೆಯವನು ನನ್ನದೇ ರಾಜ್ಯದೊಳಗೆ ಒಂದು ಕೌಂಟಿ ಹಿಡಿದು ಕುಳಿತಿದ್ದ. ಏನೋ ದೋಷವಿರಬೇಕೆಂದು ಹಿಂದೆ ಉಳಿಸಿಟ್ಟಿದ್ದ ಆಟವನ್ನು ತೆರೆದು ಮತ್ತೆ ಆಡಿದೆ. ಅರಸ ಮತ್ತೆ ಸತ್ತ, ಪಾಲು ಮತ್ತೆ ಹಾಗೆಯೇ ಆಯಿತು.

ದೋಷ ಆಟದ್ದಲ್ಲ. ಆ ಕಾಲಘಟ್ಟದ ಹೆಚ್ಚಿನ ರಾಜ್ಯಗಳಲ್ಲಿ ಆಟ ಜಾರಿಯಲ್ಲಿಡುವ ಉತ್ತರಾಧಿಕಾರದ ಕಾಯಿದೆ ಪಾಲಿನದು: ಅಪ್ಪನ ಆಸ್ತಿ ಗಂಡುಮಕ್ಕಳಿಗೆಲ್ಲ ಹಂಚಿಹೋಗುತ್ತದೆ. ಅಪ್ಪನ ಅತಿ ದೊಡ್ಡ ಪಟ್ಟಕ್ಕೆ ಸಮನಾದ ಇನ್ನೊಂದು ಪಟ್ಟವಿದ್ದರೆ ಅದು ಎರಡನೆಯವನಿಗೆ ಹೋಗುತ್ತದೆ, ಸಮಾನ ಪಟ್ಟದವನು ಅಣ್ಣನಿಗೆ ಅಧೀನನಾಗಬೇಕಿಲ್ಲ. ನಾನು ಹೆಮ್ಮೆಯಿಂದ ಹಣ ಕೊಟ್ಟು ಸೃಷ್ಟಿಸಿದ ಕನಾಕ್ಟಿನ ಪಟ್ಟವೇ ರಾಜ್ಯವನ್ನು ಒಡೆದಿತ್ತು. ನಾನು ಸೃಷ್ಟಿಸದಿದ್ದರೂ ಆಟವೇ ಆ ಪಟ್ಟವನ್ನು ಹುಟ್ಟಿಸಿ ತಮ್ಮನಿಗೆ ಕೊಡುತ್ತಿತ್ತೆಂಬುದು ಇನ್ನೂ ತಡವಾಗಿ ತಿಳಿಯಿತು. ಜಮೀನಿನ ಪಾಲುಪಟ್ಟಿ, ಅಣ್ಣತಮ್ಮಂದಿರ ವ್ಯಾಜ್ಯ ಇವುಗಳ ಮಾತು ಕೇಳುತ್ತಲೇ ಬೆಳೆದ ನನಗೆ ಇದು ಹೊಳೆಯಲು ಇಷ್ಟು ಹೊತ್ತು ಹಿಡಿಯಬಾರದಿತ್ತು.

ಆಗ ನಾನು ಮಾಡಿದ್ದು ದಾಯಾದಿ ಮತ್ಸರದ ಹಳೆಯ ಕೆಲಸವನ್ನೇ. ತಮ್ಮನಿಗೆ ಹೋದ ಪಟ್ಟದ ಮೇಲೆ ಅಣ್ಣನಿಗೆ ಹಕ್ಕು ಉಳಿದಿದ್ದರಿಂದ ನೇರವಾಗಿ ಯುದ್ಧ ಹೂಡಬಹುದಿತ್ತು, ಆದರೆ ಸೈನ್ಯ ಸಾಲದೆಂದು ಕೊಲೆಯ ಸಂಚು ಹೂಡಿದೆ. ನನ್ನ ಹೊಸ ಅರಸನ ಸ್ವಭಾವದ ಪಟ್ಟಿಯಲ್ಲಿ ‘ಕರುಣಾಳು’ ಎಂದಿತ್ತು. ಈ ಆಟದಲ್ಲಿ ಸ್ವಭಾವಕ್ಕೆ ವಿರುದ್ಧವಾದ ಕೆಲಸ ಮಾಡಿದರೆ ಮಾನಸಿಕ ಒತ್ತಡ ಏರುತ್ತದೆ, ಅದು ನೂರು ಮುಟ್ಟಿದರೆ ಅರಸ ಕುಸಿಯುತ್ತಾನೆ. ನನ್ನವನು ಕುಸಿದು ಕುಡಿತಕ್ಕೆ ಬಿದ್ದ. ಸಂಚು ಮಾತ್ರ ಫಲಿಸಿ ತಮ್ಮ ಸತ್ತ, ಕನಾಕ್ಟ್ ಅವನ ತೊಟ್ಟಿಲ ಕೂಸಿಗೆ ಹೋಯಿತು. ಸತ್ತವನಿಗೆ ಮಗನಿದ್ದಾನೆಯೇ ಎಂದು ನೋಡಲು ಒಂದು ಕ್ಲಿಕ್ ಸಾಕಿತ್ತು. ಕೆಲವು ತಿಂಗಳಲ್ಲೇ ಗುಟ್ಟು ರಟ್ಟಾಗಿ, ಒಡಹುಟ್ಟಿದವನನ್ನು ಕೊಂದವನೆಂಬ ಹಣೆಪಟ್ಟಿ ಅಂಟಿತು, ಅಧೀನರೆಲ್ಲ, ಅಂದರೆ ನನ್ನ ಸಾಮಂತರೆಲ್ಲ, ದೂರವಾದರು. ಅಲ್ಲಿಗೆ ಆ ಆಟವನ್ನು ನಿಲ್ಲಿಸಿದೆ.

ಎರಡನೆಯ ಸಲ ಅದೇ ಮುರ್ಚಾದನನ್ನೇ ಆರಿಸಿಕೊಂಡೆ, ಆದರೆ ಸೈನ್ಯದ ಕಡೆ ಮೊದಲ ಹಲವು ವರ್ಷ ತಿರುಗಿಯೂ ನೋಡಲಿಲ್ಲ. ಸ್ಪೇಸ್ ಬಾರ್ ಒತ್ತಿ ಆಟವನ್ನು ನಿಲ್ಲಿಸಿಟ್ಟು ಮನೆಮಂದಿಯ ಚಿತ್ರಗಳನ್ನು ಒಂದೊಂದಾಗಿ ತೆರೆದೆ. ಮದುವೆಯಾಗದವರಿಗೆಲ್ಲ ಸಂಬಂಧ ಹುಡುಕಿದೆ, ಏಕೆಂದರೆ ಅರಸನ ಮಕ್ಕಳ ಮದುವೆಯೇ ಮೈತ್ರಿಯ ದಾರಿ, ಮೈತ್ರಿಯಿದ್ದರೆ ದೊಡ್ಡವನ ಸೈನ್ಯ ನಮ್ಮ ಯುದ್ಧಕ್ಕೂ ಬರುತ್ತದೆ. ಆರು ತುಂಬಿದ ಮಕ್ಕಳಿಗೆ ಒಳ್ಳೆಯ ಪಾಲಕರನ್ನು ಗೊತ್ತುಮಾಡಿದೆ; ಹದಿನಾರಕ್ಕೆ ಅವರು ಎಂಥವರಾಗುತ್ತಾರೆಂಬುದು ಬಹುಮಟ್ಟಿಗೆ ಇದರ ಮೇಲೆ ನಿಂತಿದೆ. ಪ್ರಬಲ ಅಧೀನರಿಗೆ ಮಂತ್ರಿಮಂಡಲದಲ್ಲಿ ಸ್ಥಾನ ಕೊಟ್ಟೆ, ಕೊಡದಿದ್ದರೆ ಅವರು ಮುನಿಸಿಕೊಳ್ಳುತ್ತಾರೆ. ಉಳಿದದ್ದರಲ್ಲಿ ಹೆಚ್ಚಿನದನ್ನು, ಪಡೆಗಳ ಬಗೆಗಳು, ಕಟ್ಟಡಗಳು, ಧರ್ಮದ ಸೂಕ್ಷ್ಮಗಳನ್ನೆಲ್ಲ, ಬೇಕೆಂದೇ ಬಿಟ್ಟೆ. ಅವು ತಿಳಿಯದೆಯೂ ಆಟ ನಡೆಯುತ್ತದೆ.

ಇಲ್ಲಿ ಒಂದು ಮಾತು ಹೇಳಬೇಕು. ಭೂಪಟದಲ್ಲಿ ನಮ್ಮ ನಾಡೂ ಇದೆ, ‘ಕನ್ನಡ’ ಎಂಬ ಹೆಸರಿನ ಸಂಸ್ಕೃತಿಯೂ ಇದೆ. 867ರಲ್ಲಿ ಆರಂಭಿಸಿದರೆ ದಕ್ಷಿಣದಲ್ಲಿ ರಾಷ್ಟ್ರಕೂಟರು, 1066ರಲ್ಲಿ ಕಲ್ಯಾಣದ ಚಾಲುಕ್ಯರು. ಕನ್ನಡಿಗರಾದವರಿಗೆ ಅಲ್ಲಿಂದಲೇ ಆರಂಭಿಸುವ ಆಸೆ ಸಹಜ, ನನಗೂ ಆಗಿತ್ತು. ಆದರೆ ದೊಡ್ಡ ಸಾಮ್ರಾಜ್ಯವೆಂದರೆ ಸಂತೈಸಬೇಕಾದ ಅಧೀನರೂ ಅಷ್ಟೇ ಹೆಚ್ಚು. ಒಂದು ವಾರಾಂತ್ಯ ಪ್ರಯತ್ನಿಸಿ, ಯಾರು ಏಕೆ ಕೋಪಗೊಂಡಿದ್ದಾರೆಂದೇ ತಿಳಿಯದೆ ಕೈಬಿಟ್ಟೆ. ಇತಿಹಾಸದಲ್ಲೂ ಚಾಲುಕ್ಯ ಅರಸ ಒಂದನೆಯ ಸೋಮೇಶ್ವರ 1068ರಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಯಲ್ಲಿ ಜಲಸಮಾಧಿಯಾದ ಮೇಲೆ ಹಿರಿಯ ಮಗ ಪಟ್ಟವೇರಿದ, 1076ರಲ್ಲಿ ತಮ್ಮ ಆರನೆಯ ವಿಕ್ರಮಾದಿತ್ಯ ಅವನನ್ನು ಇಳಿಸಿ ತಾನೇ ಅರಸನಾದ. ಐರ್ಲೆಂಡಿನಲ್ಲಿ ಕೈಸುಟ್ಟುಕೊಂಡವನಿಗೆ ಆ ಸಂಗತಿ ಬೇರೆಯೇ ರೀತಿಯಲ್ಲಿ ಅರ್ಥವಾಯಿತು.

ಎರಡನೆಯ ಸಲದ ನನ್ನ ಗುರಿ ಒಂದೇ ಆಗಿತ್ತು: ಮುರ್ಚಾದ್ ಸಾಯುವ ಮೊದಲು ದ್ವೀಪದ ಅರ್ಧಕ್ಕಿಂತ ಹೆಚ್ಚು ಕೌಂಟಿಗಳನ್ನು ಹಿಡಿದು ‘ಐರ್ಲೆಂಡಿನ ರಾಜ’ ಎಂಬ ಮೇಲಿನ ಪಟ್ಟವನ್ನು ಸೃಷ್ಟಿಸುವುದು. ಮೇಲೊಂದು ಪಟ್ಟವಿದ್ದರೆ ತಮ್ಮಂದಿರಿಗೆ ಹೋಗುವುದೆಲ್ಲ ಕೆಳಗಿನ ಪಟ್ಟಗಳು, ಅವರು ಅಣ್ಣನ ಅಧೀನರಾಗಿಯೇ ಉಳಿಯುತ್ತಾರೆ. ಆ ಪುಟ್ಟ ಚಿಹ್ನೆಯ ಮೇಲೆ ಪ್ರತಿ ವರ್ಷ ಮೌಸ್ ಇಟ್ಟು, ಯಾರಿಗೆ ಏನು ಹೋಗುತ್ತದೆಂದು ಓದಿಕೊಂಡೆ. ಪಟ್ಟಕ್ಕೆ ಹಣ ಹೊಂದಿದಾಗ ಅರಸನಿಗೆ ಅರವತ್ತು ದಾಟಿತ್ತು, ಕಾಯಿಲೆಯೂ ಹಿಡಿದಿತ್ತು. ಅವನು ರಾಜನಾಗಿ ಬದುಕಿದ್ದು ಹದಿನಾಲ್ಕು ತಿಂಗಳು. ಸತ್ತ ದಿನ ಭೂಪಟದ ಬಣ್ಣ ಒಂದಿಷ್ಟೂ ಬದಲಾಗಲಿಲ್ಲ, ಆದರೆ ಹೊಸ ರಾಜನ ಬಗ್ಗೆ ಇಬ್ಬರು ತಮ್ಮಂದಿರ ಅಭಿಪ್ರಾಯವೂ ಶೂನ್ಯಕ್ಕಿಂತ ಕೆಳಗಿತ್ತು. ನಾನು ಸ್ಪೇಸ್ ಬಾರ್ ಒತ್ತಿ, ಮೊದಲ ಕೆಲಸವಾಗಿ ಇಬ್ಬರನ್ನೂ ಒಂದು ಔತಣಕ್ಕೆ ಕರೆದೆ.