ಪಡಸಾಲೆಯಲ್ಲಿ ಹೆಲಿಕಾಪ್ಟರ್ ಹಾರಿಸುವುದು ಹೇಗೆ?

ಆಷಾಢದಲ್ಲಿ ಚಿತ್ರದುರ್ಗದ ಗಾಳಿ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದು ಸುಮ್ನೆ ಅಲ್ಲ. ಗಾಳಿಪಟಕ್ಕೆ ಇದು ಹಬ್ಬ. ಆದರೆ ಅಂಗೈಯಲ್ಲಿ ಹಿಡಿಸುವ ರಿಮೋಟ್ ಹೆಲಿಕಾಪ್ಟರನ್ನು ಈ ಗಾಳಿಗೆ ಬಿಟ್ಟರೆ ಪಕ್ಕದ ಬೀದಿಯ ಮಾಳಿಗೆ ಮೇಲೆ ಹುಡುಕಬೇಕಾಗುತ್ತದೆ. 40 ಗ್ರಾಂ ಆಸುಪಾಸಿನ ಯಂತ್ರ ಅದು. ಅದರ ಜಾಗ ಮನೆಯೊಳಗೇ.

ಇನ್ನೊಂದು ವಿಷಯ. ಆಷಾಢದಲ್ಲಿ ಮದುವೆಗಳಿಲ್ಲ, ಕಲ್ಯಾಣ ಮಂಟಪಗಳು ಖಾಲಿ. ಪರಿಚಯದವರ ಮಂಟಪ ಇದ್ದರೆ ಮಧ್ಯಾಹ್ನ ಒಂದು ತಾಸು ಕೇಳಿ ನೋಡಿ. ಎತ್ತರದ ಚಾವಣಿ, ಕಂಬವಿಲ್ಲದ ಜಾಗ, ಸಮನಾದ ನೆಲ. ಹೆಲಿಕಾಪ್ಟರ್ ಕಲಿಯುವವರಿಗೆ ಇನ್ನೇನು ಬೇಕು? ಅದು ಸಿಗದಿದ್ದರೂ ಚಿಂತೆಯಿಲ್ಲ. 10 ಅಡಿಗೆ 12 ಅಡಿ ಇರುವ ಪಡಸಾಲೆ ಶುರು ಮಾಡಲು ಸಾಕು.

ಮುಂದೆ ಬರುವ ಎಲ್ಲ ಸಲಹೆಗಳ ಹಿಂದೆ ಇರುವುದು ತೂಕದ ಲೆಕ್ಕ. ಮಾಮೂಲಿ 75 ಜಿಎಸ್‌ಎಂ (ಚದರ ಮೀಟರಿಗೆ 75 ಗ್ರಾಂ) ಜೆರಾಕ್ಸ್ ಹಾಳೆ, ಎ4 ಅಳತೆಯದ್ದು, ಒಂದು ಹಾಳೆ ಸುಮಾರು 4.7 ಗ್ರಾಂ ತೂಗುತ್ತದೆ. ಅಂದರೆ ಒಂದೇ ಒಂದು ಹಾಳೆ ಈ ಹೆಲಿಕಾಪ್ಟರಿನ ತೂಕದ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ. ಇದನ್ನು ಮನಸ್ಸಲ್ಲಿಟ್ಟುಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ.

ಯಾವುದನ್ನು ಕೊಳ್ಳಬೇಕು?

ಹೊಸಬರಾದರೆ ಒಂದರ ಮೇಲೊಂದು ಎರಡು ಜೋಡಿ ರೆಕ್ಕೆ ಇರುವುದನ್ನೇ ತೆಗೆದುಕೊಳ್ಳಿ. ಇದಕ್ಕೆ ಕೋಆಕ್ಸಿಯಲ್ ಅನ್ನುತ್ತಾರೆ. ರೆಕ್ಕೆ ಒಂದು ದಿಕ್ಕಿಗೆ ತಿರುಗಿದರೆ ಹೆಲಿಕಾಪ್ಟರಿನ ಮೈ ಎದುರು ದಿಕ್ಕಿಗೆ ತಿರುಗಲು ನೋಡುತ್ತದೆ. ಎಚ್‌ಎಎಲ್‌ನ ಧ್ರುವ್‌ನಂಥ ಹೆಲಿಕಾಪ್ಟರಿನಲ್ಲಿ ಇದನ್ನು ತಡೆಯುವುದು ಬಾಲದ ಪಂಖ. ನಮ್ಮ ನೌಕಾಪಡೆಯ ಕಾಮೋವ್ 31ರಲ್ಲಿ ಬಾಲದ ಪಂಖವೇ ಇಲ್ಲ. ಮೂರು ಮೂರು ರೆಕ್ಕೆಗಳ ಎರಡು ಗುಂಪು ಎದುರು ದಿಕ್ಕುಗಳಲ್ಲಿ ತಿರುಗಿ ಒಂದರ ಎಳೆತವನ್ನು ಇನ್ನೊಂದು ಕಳೆಯುತ್ತದೆ. ಆಟಿಕೆ ಕೋಆಕ್ಸಿಯಲ್ ಕೆಲಸ ಮಾಡುವುದೂ ಹೀಗೇ. ಎಡಕ್ಕೆ ಬಲಕ್ಕೆ ತಿರುಗಬೇಕಾದಾಗ ಮೇಲಿನ ಮತ್ತು ಕೆಳಗಿನ ರೆಕ್ಕೆಗಳ ವೇಗದಲ್ಲಿ ಸ್ವಲ್ಪ ವ್ಯತ್ಯಾಸ ಮಾಡುತ್ತದೆ, ಅಷ್ಟೆ.

ಇದರ ತಲೆ ಮೇಲೆ ಎರಡು ತುದಿಗೂ ತೂಕ ಕಟ್ಟಿದ ಒಂದು ಕಡ್ಡಿ ಇರುತ್ತದೆ. ಫ್ಲೈಬಾರ್ ಅಂತ ಹೆಸರು. ತಿರುಗುವಾಗ ಅದು ತನ್ನ ಸಮತಲ ಬಿಟ್ಟುಕೊಡುವುದಿಲ್ಲ. ಹೆಲಿಕಾಪ್ಟರ್ ವಾಲಿದರೆ ರೆಕ್ಕೆಯನ್ನು ಮತ್ತೆ ಸರಿದಾರಿಗೆ ತರುತ್ತದೆ. 1946ರಲ್ಲಿ ನಾಗರಿಕ ಬಳಕೆಗೆ ಪರವಾನಗಿ ಪಡೆದ ಬೆಲ್ 47 ಹೆಲಿಕಾಪ್ಟರಿನ ಮೇಲೂ ಇಂಥದ್ದೇ ಕಡ್ಡಿ ಇತ್ತು. ಆಟಿಕೆಯಲ್ಲಿ ಈ ಕಡ್ಡಿ ಬಾಗಿದರೆ ಇಡೀ ಯಂತ್ರ ನಡುಗುತ್ತದೆ. ಹಾಗಾಗಿ ಕೊಳ್ಳುವಾಗಲೇ ಅದನ್ನು ಬೆರಳಲ್ಲಿ ಮೆಲ್ಲಗೆ ಆಡಿಸಿ ನೋಡಿ. ಸಲೀಸಾಗಿ ಓಲಾಡಬೇಕು.

ಸೈಮಾ ಎಸ್107 ಈ ಜಾತಿಯಲ್ಲಿ ಎಲ್ಲರಿಗೂ ಗೊತ್ತಿರುವ ಮಾದರಿ. ಅದು ಇನ್‌ಫ್ರಾರೆಡ್ ರಿಮೋಟಿನದ್ದು, ಟಿವಿ ರಿಮೋಟಿನ ಹಾಗೆ ಎದುರಿಗಿದ್ದರೆ ಮಾತ್ರ ಕೇಳುತ್ತದೆ. ಕಿಟಕಿಯಿಂದ ಬಿಸಿಲು ನೇರವಾಗಿ ಬಿದ್ದರೆ ಸಿಗ್ನಲ್ ತಪ್ಪುತ್ತದೆ, ಪರದೆ ಎಳೆಯಿರಿ. 2.4 ಗಿಗಾಹರ್ಟ್ಸ್ ರೇಡಿಯೋ ರಿಮೋಟಿನದ್ದಕ್ಕೆ ಈ ತಾಪತ್ರಯವಿಲ್ಲ. ಆಟಿಕೆ ಅಂಗಡಿಯಲ್ಲಿ ಕೊಂಡರೆ ಡಬ್ಬದ ಮೇಲೆ ಐಎಸ್‌ಐ ಗುರುತು ಇದೆಯಾ ನೋಡಿ. 2021ರ ಜನವರಿಯಿಂದ ಆಟಿಕೆಗಳಿಗೆ ಅದು ಕಡ್ಡಾಯ. ಒಂದು ಜೊತೆ ರೆಕ್ಕೆ ಹೆಚ್ಚಿಗೆ ಕೊಡುತ್ತಾರಾ ಅಂತಲೂ ಕೇಳಿ. ಮೊದಲು ಮುರಿಯುವುದು ಅದೇ.

ಜಾಗ ಸಿದ್ಧ ಮಾಡಿ

ಫ್ಯಾನ್ ಆರಿಸಿ. ಆರಿಸಿದ ಮೇಲೂ ಒಂದೆರಡು ನಿಮಿಷ ಕಾಯಿರಿ, ಕೋಣೆಯ ಗಾಳಿ ತಕ್ಷಣ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಫ್ಯಾನ್ ಇಲ್ಲದೆ ಕೂರುವುದು ಕಷ್ಟ, ಅದಕ್ಕೇ ಬೆಳಗಿನ ಹೊತ್ತು ಇಟ್ಟುಕೊಳ್ಳಿ. ಕಿಟಕಿ ಬಾಗಿಲು ಹಾಕಿ. ದೇವರ ದೀಪ ಹತ್ತಿಸಿದ್ದರೆ ಆ ಕೋಣೆ ಬೇಡ.

ನೆಲಕ್ಕೆ ಚಾಪೆ ಹಾಸಿದರೆ ಚೆನ್ನ. ಕಂಬಳಿ ಮಾತ್ರ ಹಾಸಬೇಡಿ. ಚಳ್ಳಕೆರೆ ಕಂಬಳಿ ಎಷ್ಟೇ ಮೆತ್ತಗಿದ್ದರೂ ಅದರ ಉಣ್ಣೆ ಎಳೆ ಗೇರಿಗೆ ಸುತ್ತಿಕೊಂಡರೆ ಮೋಟಾರ್ ಬಿಸಿಯಾಗಿ ಸೋಲುತ್ತದೆ. ತಲೆಗೂದಲೂ ಅಷ್ಟೆ. ಉದ್ದ ಕೂದಲಿನವರು ಕಟ್ಟಿಕೊಳ್ಳಿ. ನೋಡಲು ಬರುವ ಮಕ್ಕಳನ್ನು ನಿಮ್ಮ ಬೆನ್ನ ಹಿಂದೆ ನಿಲ್ಲಿಸಿಕೊಳ್ಳಿ. ರೆಕ್ಕೆ ಹಗುರವೇ ಆದರೂ ಕಣ್ಣಿಗೆ ತಗುಲಿದರೆ ಅಪಾಯ.

ಚಾರ್ಜ್ ಮಾಡುವ ಕ್ರಮ

ಒಳಗಿರುವುದು 3.7 ವೋಲ್ಟ್‌ನ ಒಂದು ಪುಟ್ಟ ಲಿಥಿಯಂ ಪಾಲಿಮರ್ ಸೆಲ್. ಪೂರ್ತಿ ತುಂಬಿದಾಗ 4.2 ವೋಲ್ಟ್. 3 ವೋಲ್ಟ್‌ಗಿಂತ ಕೆಳಗಿಳಿದರೆ ಅದಕ್ಕೆ ಪೆಟ್ಟು. ಹೆಲಿಕಾಪ್ಟರ್ ಮೇಲೇಳಲು ಒದ್ದಾಡಿತು ಅಂದರೆ ಆಟ ನಿಲ್ಲಿಸಿ, ಇನ್ನೊಂದು ಸುತ್ತು ಅಂತ ಹಿಂಡಬೇಡಿ. ಹಾರಿಸಿದ ಮೇಲೆ 10-15 ನಿಮಿಷ ಆರಲು ಬಿಟ್ಟು, ಕೈಗೆ ತಣ್ಣಗಾದ ಮೇಲೆ ಚಾರ್ಜಿಗೆ ಹಾಕಿ. ಡಬ್ಬದಲ್ಲಿ ಬಂದ ಯುಎಸ್‌ಬಿ ವೈರನ್ನೇ ಬಳಸಿ, ಎಷ್ಟೋ ಮಾದರಿಗಳಲ್ಲಿ ಚಾರ್ಜಿಂಗ್ ನಿಯಂತ್ರಿಸುವ ಸರ್ಕ್ಯೂಟ್ ಅದರಲ್ಲೇ ಇರುತ್ತದೆ. ಹಾಸಿಗೆ ಮೇಲೆ ಇಟ್ಟು ಚಾರ್ಜ್ ಮಾಡಬೇಡಿ. ಚಾರ್ಜಿಗೆ ಹಾಕಿ ಹೊರಗೂ ಹೋಗಬೇಡಿ.

ಮೊದಲ ಹಾರಾಟ

ಹೆಲಿಕಾಪ್ಟರಿನ ಬಾಲ ನಿಮ್ಮ ಕಡೆ, ಮೂತಿ ಆಚೆ ಕಡೆ ಇರುವಂತೆ ಕೋಣೆಯ ನಡುವೆ ಇಡಿ. ಸ್ವಿಚ್ ಹಾಕಿದ ಮೇಲೆ ಕೆಲವು ಸೆಕೆಂಡ್ ಅಲುಗಿಸಬೇಡಿ, ಒಳಗಿನ ಗೈರೋ, ಅಂದರೆ ತಿರುಗುವುದನ್ನು ಗುರುತಿಸುವ ಭಾಗ, ಆಗ ತನ್ನ ನೆಲೆ ಗುರುತಿಸಿಕೊಳ್ಳುತ್ತಿರುತ್ತದೆ. ಸಾಮಾನ್ಯವಾಗಿ ಎಡಗೈ ಸ್ಟಿಕ್ ಥ್ರಾಟಲ್, ಅಂದರೆ ಏರಿಸುವುದು ಇಳಿಸುವುದು. ಬಲಗೈದು ಮುಂದೆ, ಹಿಂದೆ ಮತ್ತು ತಿರುಗುವುದು.

ಎಲ್ಲರೂ ಹೆದರಿ ಒಂದು ಅಂಗುಲ ಎತ್ತಿ ಅಲ್ಲೇ ನಿಲ್ಲಿಸಲು ನೋಡುತ್ತಾರೆ. ಅದೇ ಕಷ್ಟದ ಜಾಗ. ರೆಕ್ಕೆ ಕೆಳಗೆ ತಳ್ಳಿದ ಗಾಳಿ ನೆಲಕ್ಕೆ ಬಡಿದು ವಾಪಸ್ ಬಂದು ಹೆಲಿಕಾಪ್ಟರನ್ನೇ ಅಲುಗಾಡಿಸುತ್ತದೆ. ಮಂಡಿ ಎತ್ತರಕ್ಕೆ ಒಂದೇ ಸಲ ಏರಿಸಿ, ಅಲ್ಲಿ ಅದು ತಾನಾಗಿ ಶಾಂತವಾಗುತ್ತದೆ. ಚಾವಣಿ ಹತ್ತಿರವೂ ಹೋಗಬೇಡಿ. ಒಂದಡಿ ಒಳಗೆ ಬಂದರೆ ಮೇಲಕ್ಕೆ ಎಳೆದುಕೊಂಡು ಅಂಟಿಕೊಳ್ಳುತ್ತದೆ, ಬಿಡಿಸಿಕೊಂಡಾಗ ಧೊಪ್ಪನೆ ಬೀಳುತ್ತದೆ.

ಈಗ ಟ್ರಿಮ್. ನೀವು ಬಲಗೈ ಸ್ಟಿಕ್ ಮುಟ್ಟದೇ ಇದ್ದರೂ ಹೆಲಿಕಾಪ್ಟರ್ ಎಡಕ್ಕೆ ತಿರುಗುತ್ತಿದ್ದರೆ ಟ್ರಿಮ್ ಗುಂಡಿಯನ್ನು ಸ್ವಲ್ಪ ಸ್ವಲ್ಪವಾಗಿ ಬಲಕ್ಕೆ ತಿರುಗಿಸಿ. ಬಲಕ್ಕೆ ತಿರುಗುತ್ತಿದ್ದರೆ ಎಡಕ್ಕೆ. ಇದು ಸರಿಯಾಗದೆ ಮುಂದಿನ ಪಾಠ ಬೇಡ.

ಥ್ರಾಟಲ್ ಕಲಿಯುವುದು ಬೆರಳಿನಿಂದ. ಸ್ಟಿಕ್ಕಿನ ತುದಿಯನ್ನು ಹೆಬ್ಬೆರಳಿನಿಂದ ತಳ್ಳುವ ಬದಲು ಹೆಬ್ಬೆರಳು ತೋರುಬೆರಳು ಎರಡರ ನಡುವೆ ಹಿಡಿಯಿರಿ. ಕೂದಲೆಳೆಯಷ್ಟು ಚಲನೆಯೂ ಕೈಗೆ ಸಿಗುತ್ತದೆ. ಶುರುವಿನಲ್ಲಿ ಅರ್ಧ ಸ್ಟಿಕ್ಕಿಗೆ ನಿಂತಿದ್ದು ಐದಾರು ನಿಮಿಷ ಕಳೆದ ಮೇಲೆ ಮುಕ್ಕಾಲು ಕೇಳುತ್ತದೆ, ಏಕೆಂದರೆ ಸೆಲ್ ಇಳಿಯುತ್ತಿರುತ್ತದೆ. ಹಾಗಾಗಿ ಸ್ಟಿಕ್ ಎಲ್ಲಿದೆ ಅಂತ ನೋಡುವುದಕ್ಕಿಂತ ಸದ್ದು ಕೇಳಿಸಿಕೊಳ್ಳುವುದು ಒಳ್ಳೆಯದು. ರೆಕ್ಕೆಯ ಸದ್ದು ಒಂದೇ ಸಮ ಇದ್ದರೆ ಎತ್ತರವೂ ಒಂದೇ ಸಮ.

ಒಂದು ನಿಯಮ ಬಾಯಿಪಾಠವಾಗಲಿ. ಗೋಡೆಗೋ ಸೋಫಾಕ್ಕೋ ಬಡಿಯುತ್ತದೆ ಅನ್ನಿಸಿದ ಕೂಡಲೇ ಥ್ರಾಟಲ್ ಸೊನ್ನೆ. ಹೆಲಿಕಾಪ್ಟರ್ ಬಿದ್ದರೂ ಪರವಾಗಿಲ್ಲ, ಹಗುರವಾದದ್ದು, ಅಷ್ಟೆತ್ತರದಿಂದ ಬಿದ್ದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಸಿಕ್ಕಿಹಾಕಿಕೊಂಡ ರೆಕ್ಕೆಯನ್ನು ಮೋಟಾರ್ ತಿರುಗಿಸಲು ಹೆಣಗಿದಾಗಲೇ ಗೇರಿನ ಹಲ್ಲು ಹೋಗುವುದು, ಮೋಟಾರ್ ಸುಡುವುದು. ಪಕ್ಕದಲ್ಲಿ ನಿಂತವರು "ಎತ್ತೋ, ಮೇಲೆ ಎತ್ತೋ" ಅಂತ ಕೂಗುತ್ತಾರೆ. ಕೇಳಬೇಡಿ.

ಒಂದೇ ಕಡೆ ನಿಲ್ಲಿಸುವುದು ಬಂದ ಮೇಲೆ ನೆಲದ ಮೇಲೆ ನಾಲ್ಕು ಮೂಲೆಗೆ ನಾಲ್ಕು ತಟ್ಟೆ ಇಟ್ಟು, ಒಂದರಿಂದ ಒಂದಕ್ಕೆ ಹೋಗಿ ಇಳಿಸಿ. ಮುಂದೆ ಹೋಗುವುದು ಹೇಗೆ ಅಂತ ಗಮನಿಸಿ: ಆಟಿಕೆಯ ಬಾಲದಲ್ಲೂ ಒಂದು ಪುಟ್ಟ ಪಂಖವಿದೆ, ಅದು ಮೈ ತಿರುಗುವುದನ್ನು ತಡೆಯಲು ಅಲ್ಲ, ಬಾಲವನ್ನು ಮೇಲೆತ್ತಲು. ಬಾಲ ಮೇಲೆದ್ದರೆ ಮೂತಿ ಕೆಳಗೆ ಬಾಗುತ್ತದೆ, ಹೆಲಿಕಾಪ್ಟರ್ ಮುಂದೆ ಜಾರುತ್ತದೆ. ನಿಲ್ಲಬೇಕಾದರೆ ಸ್ಟಿಕ್ ಬಿಟ್ಟರೆ ಸಾಲದು, ಒಂದು ಕ್ಷಣ ಹಿಂದಕ್ಕೆ ಎಳೆಯಬೇಕು. ಮೂತಿ ನಿಮ್ಮ ಕಡೆ ತಿರುಗಿದಾಗ ಎಡಬಲ ಅದಲುಬದಲಾದಂತೆ ಕಾಣುತ್ತದೆ. ನೀವು ಒಳಗೆ ಕೂತಿದ್ದೀರಿ ಅಂದುಕೊಂಡು ಹಾರಿಸಿ. ಇದಕ್ಕೆ ಅಭ್ಯಾಸ ಬಿಟ್ಟರೆ ಬೇರೆ ದಾರಿಯಿಲ್ಲ.

ನಮ್ಮಿಷ್ಟದಂತೆ ಮಾಡಿಕೊಳ್ಳುವುದು

ನನಗೆ ಇದರಲ್ಲಿ ಅತಿ ಇಷ್ಟದ ಭಾಗ ಇದೇ. ಶುರು ಮಾಡುವ ಮೊದಲು 0.1 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಒಂದು ಹೊಂದಿಸಿಕೊಳ್ಳಿ. ಹಾಕುವುದನ್ನೆಲ್ಲ ತೂಗಿಯೇ ಹಾಕಿ. ಒಟ್ಟು 2 ಗ್ರಾಂ ಒಳಗೆ ಮುಗಿಸುವುದು ಒಳ್ಳೆಯ ಮಿತಿ.

ಮೊದಲ ಮಾರ್ಪಾಡು ಕಲಿಯುವವರ ಕಾಲು. ಇಳಿಯುವಾಗ ಮಗುಚದಂತೆ ಅಗಲವಾದ ಆಧಾರ ಇದು. ನಾಲ್ಕು ಅಗರಬತ್ತಿ ಉರಿದು ಉಳಿದ ಕಡ್ಡಿ ತೊಗೊಂಡು, ಒಂದೊಂದನ್ನೂ ಗೇಣುದ್ದದ ಅರ್ಧಕ್ಕೆ ಕತ್ತರಿಸಿ. ಟಿವಿ, ಮಿಕ್ಸಿ ಡಬ್ಬದಲ್ಲಿ ಬರುವ ಥರ್ಮಾಕೋಲ್‌ನಿಂದ ಕಡಲೆಕಾಳು ಗಾತ್ರದ ಉಂಡೆ ಬಿಡಿಸಿ ಒಂದು ತುದಿಗೆ ಚುಚ್ಚಿ. ಇನ್ನೊಂದು ತುದಿಯನ್ನು ಹೆಲಿಕಾಪ್ಟರಿನ ಕಾಲಿಗೆ ದಾರದಿಂದ ಬಿಗಿದು ಒಂದು ಹನಿ ಫೆವಿಕಾಲ್ ಹಾಕಿ. ಥರ್ಮಾಕೋಲ್‌ಗೆ ಫೆವಿಕ್ವಿಕ್ ಹಾಕಬೇಡಿ, ಅದು ಥರ್ಮಾಕೋಲನ್ನು ಕರಗಿಸಿಬಿಡುತ್ತದೆ. ನಾಲ್ಕೂ ಕಡ್ಡಿ ಒಂದೇ ಉದ್ದ ಇರಲಿ. ಕೈ ಕುದುರಿದ ಮೇಲೆ ಬಿಚ್ಚಿಡಿ.

ಕೋಆಕ್ಸಿಯಲ್ ನಿಧಾನ ಅನ್ನಿಸಿದರೆ ಮೂತಿಗೆ ತೂಕ ಕೊಡಿ. ಮಕ್ಕಳ ಕ್ಲೇ 0.5 ಗ್ರಾಂ ಮೂತಿಯ ಒಳಗೆ ಅಂಟಿಸಿ ಹಾರಿಸಿ, ಸಾಲದಿದ್ದರೆ ಇನ್ನೊಂದಿಷ್ಟು. ಮೂತಿ ಸದಾ ಸ್ವಲ್ಪ ಬಾಗಿರುವುದರಿಂದ ವೇಗ ಬರುತ್ತದೆ. ಸಮತೋಲ ನೋಡಲು ಫ್ಲೈಬಾರಿನ ಎರಡೂ ತುದಿಯನ್ನು ಬೆರಳಲ್ಲಿ ಹಿಡಿದು ಎತ್ತಿ ತೂಗುಬಿಡಿ. ಮೂತಿ ಒಂಚೂರು ಕೆಳಗಿದ್ದರೆ ಸರಿ. ಜಾಸ್ತಿ ಬಾಗಿದ್ದರೆ ನಿಲ್ಲಿಸಲು ಸದಾ ಹಿಂದಕ್ಕೆ ಎಳೆಯುತ್ತಲೇ ಇರಬೇಕಾಗುತ್ತದೆ, ಆಗ ಸಣ್ಣ ಕೋಣೆಗೆ ಅದು ಲಾಯಕ್ಕಲ್ಲ.

ಬಣ್ಣಕ್ಕೆ ಪರ್ಮನೆಂಟ್ ಮಾರ್ಕರ್ ಸಾಕು, ತೂಕವೇ ಸೇರುವುದಿಲ್ಲ. ಡಬ್ಬದ ಬಣ್ಣ ಎರಡು ಮೂರು ಪದರ ಬಳಿದರೆ ತಕ್ಕಡಿ ತಾನೇ ಹೇಳುತ್ತದೆ. ರೆಕ್ಕೆಗೆ ಬಣ್ಣ ಹಚ್ಚುವುದಾದರೆ ಎದುರುಬದುರು ರೆಕ್ಕೆಗಳ ತುದಿಗೆ ಒಂದೇ ಅಗಲದ ಪಟ್ಟಿ ಎಳೆಯಿರಿ, ತಿರುಗುವಾಗ ಚಂದದ ಉಂಗುರ ಕಾಣುತ್ತದೆ.

ಕತ್ತಲಲ್ಲಿ ಹಾರಿಸುವ ಆಸೆ ಇದ್ದರೆ 3 ಮಿಲಿಮೀಟರ್ ಎಲ್‌ಇಡಿ ಹಾಕಬಹುದು. ಇದಕ್ಕೆ ಬೆಸುಗೆ ಬರಬೇಕು. ಬಿಳಿ ಎಲ್‌ಇಡಿಗೆ 68 ಓಮ್, ಕೆಂಪಿಗೆ 120 ಓಮ್ ರೆಸಿಸ್ಟರ್ ಸಾಲಾಗಿ ಸೇರಿಸಿ, ಸ್ವಿಚ್ಚಿನ ನಂತರದ ವೈರಿಗೆ ಕೊಡಿ. ಸ್ವಿಚ್ಚಿನ ಹಿಂದೆ ಕೊಟ್ಟರೆ ಆರಿಸಿಟ್ಟಾಗಲೂ ಉರಿದು ಸೆಲ್ ಬರಿದಾಗುತ್ತದೆ. ಸೆಲ್ಲಿನ ಎರಡೂ ವೈರನ್ನು ಒಟ್ಟಿಗೆ ಕತ್ತರಿಸಲೇಬೇಡಿ, ಕತ್ತರಿಯೇ ಶಾರ್ಟ್ ಮಾಡುತ್ತದೆ. ಒಂದೊಂದೇ ಬಿಡಿಸಿ, ಟೇಪ್ ಸುತ್ತಿ, ಆಮೇಲೆ ಇನ್ನೊಂದು.

ದೊಡ್ಡ ಸೆಲ್ ಹಾಕಿದರೆ ಜಾಸ್ತಿ ಹೊತ್ತು ಹಾರುತ್ತೆ ಅಲ್ವಾ ಅಂತ ಹುಡುಗರು ಕೇಳುತ್ತಾರೆ. ಹಾರುತ್ತದೆ, ಆದರೆ ಲೆಕ್ಕದಷ್ಟಲ್ಲ. ಸೆಲ್ ದೊಡ್ಡದಾದಷ್ಟೂ ತೂಕ ಏರುತ್ತದೆ, ಆ ತೂಕ ಹೊರಲು ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಬೇಗ ಸವೆಯುತ್ತದೆ. ಈ ಮೋಟಾರುಗಳಲ್ಲಿ ಬ್ರಷ್ (ಉಜ್ಜಿಕೊಂಡು ಕರೆಂಟ್ ದಾಟಿಸುವ ತುಂಡು) ಇರುವುದರಿಂದ ಆಯಸ್ಸು ಮೊದಲೇ ಕಮ್ಮಿ. ನಾನಂತೂ ಕಂಪನಿ ಕೊಟ್ಟ ಅಳತೆಯ ಸೆಲ್ಲೇ ಸರಿ ಅನ್ನುತ್ತೇನೆ.

ನಡುಕ ಬಂದರೆ

ಮೊದಲು ರೆಕ್ಕೆಯ ಸ್ಕ್ರೂ ನೋಡಿ. ಹೆಲಿಕಾಪ್ಟರನ್ನು ಪಕ್ಕಕ್ಕೆ ವಾಲಿಸಿದರೆ ರೆಕ್ಕೆ ತನ್ನ ಭಾರಕ್ಕೇ ಜೋತುಬೀಳಬೇಕು. ಬಿಗಿಯಾಗಿದ್ದರೆ ಕಾಲು ಸುತ್ತು ಸಡಿಲಿಸಿ. ಆಮೇಲೆ ಎರಡು ರೆಕ್ಕೆಯನ್ನೂ ತೂಗಿ. ಹಗುರ ಇರುವುದರ ತುದಿಗೆ ಸೆಲ್ಲೋ ಟೇಪಿನ ಸಣ್ಣ ತುಂಡು ಹಚ್ಚಿದರೆ ಸಮವಾಗುತ್ತದೆ. ರೆಕ್ಕೆ ಸೀಳಿದ್ದರೆ ಅಂಟು ಹಾಕಲು ಹೋಗಬೇಡಿ, ಜೋಡಿಯಾಗಿಯೇ ಬದಲಿಸಿ. ಮೇಲಿನ ರೆಕ್ಕೆ, ಕೆಳಗಿನ ರೆಕ್ಕೆ ಬೇರೆ ಬೇರೆ, ಅದಲುಬದಲು ಮಾಡಿದರೆ ಏಳುವುದೇ ಇಲ್ಲ. ಶಾಫ್ಟಿಗೆ ಸುತ್ತಿದ ಕೂದಲನ್ನು ಸೂಜಿಯಿಂದ ಬಿಡಿಸಿ, ಹೊಲಿಗೆ ಮಷಿನ್ ಎಣ್ಣೆಯನ್ನು ಸೂಜಿ ತುದಿಯಲ್ಲಿ ಅದ್ದಿ ಲೋಹದ ಶಾಫ್ಟಿಗೆ ಮುಟ್ಟಿಸಿ.

ಒಂದೇ ಜೋಡಿ ರೆಕ್ಕೆಯ ನಾಲ್ಕು ಚಾನಲ್ (ಏರಿಳಿತ, ತಿರುವು, ಹಿಂದೆಮುಂದೆ, ಪಕ್ಕಕ್ಕೆ ಎಂಬ ನಾಲ್ಕು ಚಲನೆ) ಹೆಲಿಕಾಪ್ಟರಿಗೆ, ಡಬ್ಲ್ಯೂಎಲ್ ಟಾಯ್ಸ್ ವಿ911 ಥರದ್ದಕ್ಕೆ, ಹೋಗುವ ಮನಸ್ಸಿದ್ದರೆ ಕೋಆಕ್ಸಿಯಲ್‌ನಲ್ಲಿ ಎಂಟರ ಆಕಾರ ಎರಡೂ ದಿಕ್ಕಿಗೆ ಹಾರಿಸುವುದು ಬರುವವರೆಗೆ ಕಾಯಿರಿ. ಅದು ಪಕ್ಕಕ್ಕೂ ಜಾರುತ್ತದೆ, ತಾನಾಗಿ ಸ್ಥಿರವಾಗುವುದು ಕಮ್ಮಿ, ಕೈ ಬಿಡುವ ಹಾಗಿಲ್ಲ. ಅದಕ್ಕೆ ಪಡಸಾಲೆ ಸಾಲದು, ಕಲ್ಯಾಣ ಮಂಟಪವೇ ಬೇಕು.

ಶ್ರಾವಣ ಬಂದು ಮದುವೆ ಶುರುವಾದ ಮೇಲೆ ಎತ್ತಿಡುವುದಾದರೆ ಸೆಲ್ ಅರ್ಧ ಚಾರ್ಜಿನಲ್ಲಿ, ಸುಮಾರು 3.8 ವೋಲ್ಟ್‌ನಲ್ಲಿರಲಿ. ಎರಡು ತಿಂಗಳಿಗೊಮ್ಮೆ ತೆಗೆದು ನೋಡಿ. ಉಬ್ಬಿದ ಸೆಲ್ಲನ್ನು ಮತ್ತೆ ಚಾರ್ಜಿಗೆ ಹಾಕಬೇಡಿ, ಕಸದ ಗಾಡಿಯ ಹಸಿ ಕಸಕ್ಕೂ ಹಾಕಬೇಡಿ. ತುದಿಗಳಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ.