ಎಣ್ಣೆಹನಿಯಲ್ಲಿ ಎಲೆಕ್ಟ್ರಾನಿನ ಆವೇಶವನ್ನು ಅಳೆದ ಬಗೆ

ಎರಡು ಲೋಹದ ಫಲಕಗಳ ನಡುವೆ ಎಣ್ಣೆಹನಿಯನ್ನು ವೋಲ್ಟೇಜ್‌ನಿಂದ ತಡೆದು ನಿಲ್ಲಿಸಿ, ಅದು ಹೊತ್ತ ವಿದ್ಯುದಾವೇಶವನ್ನು ಅಳೆಯುವುದು ಅಮೆರಿಕದ ಭೌತವಿಜ್ಞಾನಿ ಮಿಲಿಕನ್ ಅವರ ಪ್ರಯೋಗ. ಅದಕ್ಕೆ ಕೂರುವ ಮೊದಲು ನಾನು ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಫಲಕಗಳು ಸಮಮಟ್ಟದಲ್ಲಿವೆಯೇ ಎಂದು ರಸಮಟ್ಟದಿಂದ ನೋಡಿಕೊಂಡೆ. ಫಲಕಗಳ ನಡುವಿನ ಅಂತರ 5 ಮಿಲಿಮೀಟರ್. ಅಷ್ಟು ಸಣ್ಣ ಜಾಗದಲ್ಲಿ ಗಾಳಿ ತುಸು ಅಲುಗಿದರೂ ಹನಿ ಪಕ್ಕಕ್ಕೆ ಸರಿದು ನೋಟದಿಂದ ಮರೆಯಾಗುತ್ತದೆ.

ಎಣ್ಣೆಯನ್ನು ಸಣ್ಣ ಹನಿಗಳಾಗಿ ಚಿಮ್ಮಿಸುವ ಆಟಮೈಸರನ್ನು ಒಂದೇ ಸಲ, ಮೆಲ್ಲಗೆ ಒತ್ತಿದರೆ ಸಾಕು. ಹೆಚ್ಚು ಒತ್ತಿದರೆ ಸೂಕ್ಷ್ಮದರ್ಶಕದ ತುಂಬ ಮಂಜು ಕವಿದಂತಾಗಿ ಯಾವ ಹನಿಯನ್ನೂ ಹಿಂಬಾಲಿಸಲು ಆಗುವುದಿಲ್ಲ. ವೋಲ್ಟೇಜ್ ಕೊಟ್ಟ ಕೂಡಲೇ ಸರ್ರನೆ ಓಡುವ ಹನಿಗಳನ್ನು ಬಿಟ್ಟುಬಿಡಬೇಕು. ಅವುಗಳ ಮೇಲೆ ಹತ್ತಾರು ಎಲೆಕ್ಟ್ರಾನ್‌ಗಳಿರುತ್ತವೆ. ಹನ್ನೆರಡೋ ಹದಿಮೂರೋ ಎಂದು ಬಿಡಿಸಿ ಹೇಳುವಷ್ಟು ನಿಖರತೆ ನಮ್ಮ ಉಪಕರಣಕ್ಕಿಲ್ಲ. ನನಗೆ ಬೇಕಾಗಿದ್ದದ್ದು ಅವಸರವಿಲ್ಲದ ಹನಿ.

ಅಂಥದೊಂದು ಸಿಕ್ಕಿತು. 71 ವೋಲ್ಟ್‌ಗೆ ಅದು ಗಾಳಿಯಲ್ಲಿ ಸುಮ್ಮನೆ ನಿಂತಿತು. ವೋಲ್ಟೇಜ್ ತೆಗೆದು ಬೀಳಲು ಬಿಟ್ಟು, ಮತ್ತೆ ಮೇಲೆತ್ತಿ, ಪುನಃ ಬಿಟ್ಟು ಸ್ಟಾಪ್‌ವಾಚ್ ಒತ್ತುತ್ತಾ ಹೋದೆ. ಒಂದು ಮಿಲಿಮೀಟರ್ ಬೀಳಲು ಸರಾಸರಿ 32.6 ಸೆಕೆಂಡ್. ಬಿಡಿ ಬಿಡಿ ಅಳತೆಗಳು ಒಂದಕ್ಕೊಂದು ಹೊಂದುವುದಿಲ್ಲ. ಅದು ಕೈಯ ದೋಷವಲ್ಲ. ಇಷ್ಟು ಸಣ್ಣ ಹನಿಯನ್ನು ಗಾಳಿಯ ಅಣುಗಳು ತಳ್ಳಾಡಿ, ಅರ್ಧ ನಿಮಿಷದಲ್ಲಿ ಸುಮಾರು 0.04 ಮಿಲಿಮೀಟರ್‌ನಷ್ಟು ಅತ್ತಿತ್ತ ಮಾಡುತ್ತವೆ. ಬ್ರೌನಿಯನ್ ಚಲನೆಯನ್ನು ಕಣ್ಣಾರೆ ಕಾಣುವ ಈ ಅವಕಾಶವೇ ಇನ್ನೊಂದು ಪ್ರಯೋಗಕ್ಕೆ ಸಮ.

ಅಳೆಯುತ್ತಿದ್ದಾಗಲೇ, 71 ವೋಲ್ಟ್‌ನಲ್ಲಿ ಅಲ್ಲಾಡದೆ ನಿಂತಿದ್ದ ಆ ಹನಿ ಇದ್ದಕ್ಕಿದ್ದಂತೆ ಮೇಲೇರತೊಡಗಿತು. ವೋಲ್ಟೇಜ್ ಇಳಿಸುತ್ತಾ ಬಂದೆ. 47ಕ್ಕೆ ಮತ್ತೆ ನಿಂತಿತು. ಭಾರ ಅದೇ, ಹನಿ ಅದೇ, ಬದಲಾದದ್ದು ಆವೇಶ ಮಾತ್ರ. ಆವೇಶ ಹೆಚ್ಚಿದಷ್ಟೂ ಹನಿಯನ್ನು ನಿಲ್ಲಿಸಲು ಕಡಿಮೆ ವೋಲ್ಟೇಜ್ ಸಾಕು. 71ಕ್ಕೂ 47ಕ್ಕೂ ಇರುವ ಅನುಪಾತ ಹೆಚ್ಚುಕಡಿಮೆ 3ಕ್ಕೆ 2. ಎರಡು ಎಲೆಕ್ಟ್ರಾನ್ ಹೊತ್ತಿದ್ದ ಹನಿಗೆ ಮೂರನೆಯದು ಬಂದು ಸೇರಿತ್ತು. ಇದನ್ನು ತಿಳಿಯಲು ಹನಿಯ ಗಾತ್ರವಾಗಲಿ ಎಣ್ಣೆಯ ಸಾಂದ್ರತೆಯಾಗಲಿ ಬೇಕಿಲ್ಲ. ಆವೇಶ ಬಿಡಿಬಿಡಿಯಾಗಿಯೇ ಬರುತ್ತದೆ ಎಂಬುದು ಆ ಎರಡು ಅಂಕಿಗಳಲ್ಲೇ ಇದೆ. ಈ ಪ್ರಯೋಗದ ಜೀವಾಳ ಇಲ್ಲಿದೆ ಎಂದು ನಾನು ನಂಬಿದ್ದೇನೆ. ಲೆಕ್ಕದ ಹಾಳೆ ತುಂಬಿಸುವ ಆತುರದಲ್ಲಿ ಹಲವರು ಹಾರಿದ ಹನಿಯನ್ನು ಬಿಟ್ಟು ಹೊಸದನ್ನು ಹುಡುಕುವುದನ್ನು ಕಂಡಾಗ ಬೇಸರವಾಗುತ್ತದೆ.

ಆ ಬಿಡಿ ಆವೇಶದ ಬೆಲೆ ಎಷ್ಟು ಎಂದು ಕೇಳಿದರೆ ಮಾತ್ರ ಗಾಳಿಯ ಹತ್ತಿರ ಹೋಗಲೇಬೇಕು. ಬೀಳುವ ಹನಿಗೆ ಗಾಳಿ ಒಡ್ಡುವ ತಡೆಯನ್ನು ಹೇಳುವ ಸ್ಟೋಕ್ಸ್ ನಿಯಮದ ಪ್ರಕಾರ ವೇಗದಿಂದ ತ್ರಿಜ್ಯ, ತ್ರಿಜ್ಯದಿಂದ ತೂಕ, ತೂಕದಿಂದ ಆವೇಶ. ಎಣ್ಣೆಯ ಸಾಂದ್ರತೆ ಘನಮೀಟರಿಗೆ 886 ಕಿಲೋಗ್ರಾಂ, ಗಾಳಿಯ ಸ್ನಿಗ್ಧತೆ (ಹರಿವಿಗೆ ಅದು ಒಡ್ಡುವ ತಡೆ) 25 ಡಿಗ್ರಿಯಲ್ಲಿ 1.85 × 10⁻⁵ ಪಾಸ್ಕಲ್-ಸೆಕೆಂಡ್ ಎಂದು ಹಿಡಿದು ನೇರವಾಗಿ ಲೆಕ್ಕ ಹಾಕಿದರೆ ಒಂದು ಎಲೆಕ್ಟ್ರಾನಿನ ಆವೇಶ e ಬೆಲೆ 2.05 × 10⁻¹⁹ ಕೂಲಂಬ್ ಬರುತ್ತದೆ. ಸರಿಯಾದ ಬೆಲೆ ಸುಮಾರು 1.60 × 10⁻¹⁹; ಕಾಲು ಭಾಗಕ್ಕಿಂತಲೂ ಹೆಚ್ಚಿನ ವ್ಯತ್ಯಾಸ! ಅರ್ಧ ಮೈಕ್ರಾನ್ ತ್ರಿಜ್ಯದ ಹನಿಗೆ ಗಾಳಿ ಒಂದೇ ಸಮನಾದ ಮಾಧ್ಯಮವಾಗಿ ಉಳಿಯುವುದಿಲ್ಲ. ಅಣುಗಳ ನಡುವೆ ನುಸುಳಿಕೊಂಡು ಹನಿ ನಿಯಮ ಹೇಳುವುದಕ್ಕಿಂತ ಬೇಗ ಬೀಳುತ್ತದೆ. ಅದನ್ನು ಸರಿಪಡಿಸಲು ಕನ್ನಿಂಗ್‌ಹ್ಯಾಮ್ ತಿದ್ದುಪಡಿ ಬೇಕು. ಆ ತಿದ್ದುಪಡಿಯಲ್ಲಿ ಗಾಳಿಯ ಒತ್ತಡ ಬರುತ್ತದೆ.

ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಸಮುದ್ರಮಟ್ಟದ ಒತ್ತಡವೇ ಅಚ್ಚಾಗಿರುತ್ತದೆ: 101 ಕಿಲೋಪಾಸ್ಕಲ್. ಬೆಂಗಳೂರು ಇರುವುದು 900 ಮೀಟರಿಗೂ ಮೇಲೆ. ನಮ್ಮ ವಾಯುಭಾರಮಾಪಕ ತೋರಿಸಿದ್ದು 91. ಅಚ್ಚಿನ ಬೆಲೆ ಹಾಕಿದರೆ e 1.64, ನಮ್ಮೂರಿನ ಒತ್ತಡ ಹಾಕಿದರೆ 1.60. ಕಾಲದ ಅಳತೆಯಲ್ಲೇ ಶೇಕಡಾ ಎರಡು ಮೂರರಷ್ಟು ಅನಿಶ್ಚಿತತೆ ಇರುವಾಗ ಈ ವ್ಯತ್ಯಾಸ ಏನು ಮಹಾ ಎನ್ನಬಹುದು. ಆದರೆ ಅಣುಗಳ ತಳ್ಳಾಟ ಅಳೆದಷ್ಟೂ ಸರಾಸರಿಯಲ್ಲಿ ಕರಗುತ್ತದೆ, ಒತ್ತಡದ ತಪ್ಪು ಎಷ್ಟು ಅಳೆದರೂ ಹಾಗೆಯೇ ಉಳಿಯುತ್ತದೆ.

ಮಿಲಿಕನ್ ಅವರಿಗೂ ಗಾಳಿಯೇ ತೊಡಕಾಯಿತು. ಷಿಕಾಗೋದಲ್ಲಿ ವರ್ಷಗಟ್ಟಲೆ ದುಡಿದು 1913ರಲ್ಲಿ ಅವರು ಪ್ರಕಟಿಸಿದ ಬೆಲೆ ಇಂದಿನ ಲೆಕ್ಕದಲ್ಲಿ 1.592 × 10⁻¹⁹. ಹನಿಗಳ ಅಳತೆ ಅಚ್ಚುಕಟ್ಟಾಗಿತ್ತು. ಅವರು ಬಳಸಿದ ಗಾಳಿಯ ಸ್ನಿಗ್ಧತೆಯ ಬೆಲೆ ತುಸು ಕಡಿಮೆಯಿತ್ತು. ಎಕ್ಸ್-ಕಿರಣಗಳಿಂದ ಬೇರೆ ದಾರಿಯಲ್ಲಿ ಪಡೆದ ಬೆಲೆ ಇದಕ್ಕೆ ಹೊಂದದಿದ್ದಾಗ, 1930ರ ದಶಕದಲ್ಲಿ ಸ್ನಿಗ್ಧತೆಯನ್ನು ಮತ್ತೆ ಅಳೆದು ಆ ಕೊರತೆಯನ್ನು ಸರಿಪಡಿಸಿದರು. 2019ರಿಂದ e ಅಳೆದು ತಿಳಿಯುವ ಪರಿಮಾಣವೇ ಅಲ್ಲ, 1.602176634 × 10⁻¹⁹ ಕೂಲಂಬ್ ಎಂದು ನಿಗದಿಯಾಗಿದೆ. ಹಾಗಿದ್ದರೂ ನನ್ನ ವಿದ್ಯಾರ್ಥಿಗಳ ದಾಖಲೆ ಪುಸ್ತಕದ ಮೊದಲ ಸಾಲಿನಲ್ಲಿ ಆ ದಿನದ ಉಷ್ಣತೆ ಮತ್ತು ಒತ್ತಡ ಇಲ್ಲದಿದ್ದರೆ ನಾನು ಸಹಿ ಹಾಕುವುದಿಲ್ಲ.